ಪಾದಗಟ್ಟಿಯ ತನಕ ಬರಿಗಾಲು

ನಲವತ್ತೇ ನಲವತ್ತು ದಿನಗಳಲ್ಲಿ ನಮ್ಮ ಇಡೀ ಊರು ಸೊರಡಿಯನ್ನು ಎಬ್ಬಿಸಿ ನಡೆಸುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದಾಗ ಕುರ್ಚಿಯ ಮೇಲೆ ಕುಳಿತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಗೂ ಹೇಳುತ್ತಾಳೆ.

ಊರಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಎನ್ನುವುದು ಬೋರ್ಡಿನ ಮೇಲಷ್ಟೇ, ಅಸಲು ದಂಧೆ ಅರ್ಜಿ ತುಂಬುವುದು. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ತ ತಾಲೂಕಿನಲ್ಲಿ ಮಂದಿ ಅಳುವುದು, ನಗುವುದು, ಬೈಯುವುದು ಕನ್ನಡದಲ್ಲಿ. ಸರಕಾರಕ್ಕೆ ಬರೆಯುವುದು ಮರಾಠಿಯಲ್ಲಿ. ಈ ಎರಡರ ನಡುವೆ ಇಪ್ಪತ್ತೆರಡು ವರ್ಷಗಳಿಂದ ಕುಳಿತವನು ನಾನು, ಈಶ್ವರ. ಕುಳಿತವನು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಿ. ಕುರ್ಚಿಯ ಗಾದಿ ನಾಲ್ಕು ಸಲ ಬದಲಾಗಿದೆ, ನಾನು ಬದಲಾಗಿಲ್ಲ!

ಅಂಥ ನನ್ನನ್ನು ಹುಡುಕಿಕೊಂಡು ಸಾಂಗಲಿಯ ಒಂದು ಆರೋಗ್ಯ ಸಂಸ್ಥೆಯಿಂದ ರೂಪಾಲಿ ಮೇಡಂ ಬಂದರು. ಅವರ ಯೋಜನೆಯ ಹೆಸರು 'ಬಹುಭಾಷಿಕ ಹಾಗೂ ಬಹುಸಾಂಸ್ಕೃತಿಕ ಸಮುದಾಯಗಳಲ್ಲಿ ದೈಹಿಕ ಚಟುವಟಿಕೆಯ ಉತ್ತೇಜನ ಅಭಿಯಾನ'. ಒಂದೇ ಉಸಿರಿನಲ್ಲಿ ಓದಿದರೆ ಅದೇ ಒಂದು ವ್ಯಾಯಾಮ! ಹಿಂದಿನ ವರ್ಷ ಅವರು 'ದಿನಾಲೂ ನಡೆಯಿರಿ' ಎಂದು ಮರಾಠಿಯಲ್ಲಿ ಪೋಸ್ಟರು ಅಂಟಿಸಿ ಹೋಗಿದ್ದರಂತೆ. ಕಾಗದ ಒಳ್ಳೇ ಗಟ್ಟಿಯದು. ವಾರದೊಳಗೆ ನಮ್ಮ ಸಾಲಿಯ ಹುಡುಗರ ಪುಸ್ತಕಗಳಿಗೆಲ್ಲ ಹೊಸ ರಟ್ಟು ಬಂತು. ನಡೆದವರು ಮಾತ್ರ ಯಾರೂ ಇಲ್ಲ.

"ಈಶ್ವರರಾವ್, ನಿಮಗೆ ಎರಡೂ ಭಾಷೆ ಬರುತ್ತವೆ. ಈ ಸಲ ನೀವೇ ನಮ್ಮ ಸಮನ್ವಯಕರು" ಎಂದು ಮೇಡಂ ಮರಾಠಿಯಲ್ಲಿ ಹೇಳಿ, ಹೆಜ್ಜೆ ಎಣಿಸುವ ಒಂದು ಪಟ್ಟಿಯನ್ನು ನನ್ನ ಕೈಗೆ ಕಟ್ಟಿದರು. ಜೊತೆಗೊಂದು ಟೀ ಶರ್ಟು. ಎದೆಯ ಮೇಲೆ ಓಡುವ ಮನುಷ್ಯನ ಚಿತ್ರ. ನಾನು ಹಾಕಿಕೊಂಡ ಕೂಡಲೇ ಆ ಮನುಷ್ಯ ಅಡ್ಡಡ್ಡ ಹಿಗ್ಗಿದ.

ನಾನು ಒಪ್ಪಿದ್ದಕ್ಕೆ ಟೀ ಶರ್ಟು ಕಾರಣವಲ್ಲ. ಕಾರಣ ನನ್ನ ಹೆಂಡತಿ ಶಾಂತಾದೇವಿ. ಆ ತಿಂಗಳಷ್ಟೇ ಜತ್ತದ ಡಾಕ್ಟರು ಅವಳ ರಕ್ತ ನೋಡಿ, ಖಾಲಿ ಹೊಟ್ಟೆಯ ಸಕ್ಕರೆ ಇನ್ನೂರ ಹದಿನಾರು ಎಂದು ಬರೆದಿದ್ದರು. "ಗುಳಿಗಿ ಕೊಡತೀನಿ. ದಿನಾ ಮುಕ್ಕಾಲು ತಾಸು ನಡೀಬೇಕು. ಒಂದೂವರೆ ತಿಂಗಳಿಗೂ ಇಳೀಲಿಲ್ಲಂದ್ರ ಇಂಜೆಕ್ಷನ್ನ" ಎಂದಿದ್ದರು. ಅವಳ ತಾಯಿಗೂ ಇದೇ ಸಕ್ಕರೆ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ. ಆಸ್ಪತ್ರೆಯಲ್ಲಿ ಆ ಮುದುಕಿಯನ್ನು ಎತ್ತಿ ಕೂರಿಸಿದವನು ನಾನೇ. ಡಾಕ್ಟರ ಚೀಟಿ ನೋಡಿದಾಗಿನಿಂದ ನನಗೆ ಹೆದರಿಕೆಯಾಗಿತ್ತು, ಖರೆ ಹೇಳುತ್ತೇನೆ, ಭಾಳ ಹೆದರಿಕೆಯಾಗಿತ್ತು.

ಆದರೆ ಶಾಂತಾದೇವಿ ನಡೆಯಬೇಕಲ್ಲ!

"ನನಗೇನ್ ಕಾಲಿಲ್ಲೇನ್ರಿ?" ಎಂದಳು. "ಎಲ್ಲಿಗಿ ನಡೀಲಿ, ಅದನ್ನ ಹೇಳ್ರಿ. ನೀರಿಗಿ? ಮನಿ ಮುಂದ ನಳ ಐತಿ. ಹೊಲಕ್ಕ? ಪಾಲಿಗಿ ಕೊಟ್ಟೀರಿ. ಸುಮ್ಮ ರೋಡಿನ ಮ್ಯಾಲ ಕೈ ಬೀಸ್ಕೋಂತ ಹೊಂಟ್ರ ನಾಕ ಮಂದಿ 'ಎಲ್ಲಿಗ್ರೀ ಶಾಂತಕ್ಕಾ?' ಅಂತಾರ. 'ಎಲ್ಲಿಗೂ ಇಲ್ಲ, ಹೊಳ್ಳಿ ಬರ್ಲಾಕ ಹೊಂಟೀನಿ' ಅಂತ ಹೇಳ್ಲೇನು?"

"ಮೊದ್ಲ ನಾ ನಡೀತೀನಿ. ನನ್ನ ಹಿಂದ ಊರು ಬರತೈತಿ. ಊರಿನ ಹಿಂದ ನೀ ಬರಾಕಿ! ನೋಡ್ಕೋಂತ ಇರು!"

"ಮೊದ್ಲ ಕುರ್ಚಿ ಬಿಟ್ಟು ಏಳ್ರಿ" ಎಂದು ಅವಳು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಆರಕ್ಕೆ ನಾನು ದರಿಬಡಚಿ ರಸ್ತೆ ಹಿಡಿದೆ. ಗುರಿ ದಾನಮ್ಮನ ಪಾದಗಟ್ಟಿ. ಗುಡ್ಡಾಪುರದ ದಾನಮ್ಮನ ಗುಡಿಯ ತನಕ ಹೋಗಲಾಗದವರು ಅರ್ಧ ದಾರಿಯಲ್ಲೇ ದೇವಿಗೆ ಕೈಮುಗಿಯಲೆಂದು ಹಿರಿಯರು ರಸ್ತೆ ಬದಿಗೆ ಕಟ್ಟಿಸಿದ ಕಲ್ಲಿನ ಕಟ್ಟೆ ಅದು, ಮೇಲೆ ಎರಡು ಪಾದ ಕೆತ್ತಿದ್ದಾರೆ. ಮನೆಯಿಂದ ಮೂರು ಕಿಲೋಮೀಟರು. ಹೋಗಿ ಬಂದರೆ ಎಂಟು ಸಾವಿರ ಹೆಜ್ಜೆ ಎಂದು ಹಿಂದಿನ ದಿನವೇ ಲೆಕ್ಕ ಹಾಕಿಟ್ಟಿದ್ದೆ.

ಆರುನೂರ ಹದಿನಾಲ್ಕನೇ ಹೆಜ್ಜೆಗೆ ಹಿಂದಿನಿಂದ ಬೈಕು ಬಂದು ಗಕ್ಕನೆ ನಿಂತಿತು. ಹಾಲಿನ ಕ್ಯಾನು ಕಟ್ಟಿಕೊಂಡ ಅಮೋಗಸಿದ್ದ. ಕುರಿ ಕಾಯುವ ಮನೆತನದವನು. ಈಗ ಮೂರು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುತ್ತಾನೆ.

"ಯಾಕ್ರೀ ಈಶ್ವರಣ್ಣಾರ, ಗಾಡಿ ಕೆಟ್ಟೇತೇನ್ರಿ?"

"ಇಲ್ಲಪಾ. ನಡೀಲಾಕತ್ತೀನಿ."

"ಅದು ಕಾಣ್ತೈತ್ರಿ. ಯಾಕ ಅಂತ?"

"ಸುಮ್ಮನ."

ಅಮೋಗಸಿದ್ದ ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದ. "ಹತ್ರಿ, ಹತ್ರಿ. ಏನ ಇರ್ಲಿ, ದಾರ್ಯಾಗ ಮಾತಾಡೂನು" ಎಂದು ಕ್ಯಾನು ಸರಿಸಿದ. ನಾನು ಒಲ್ಲೆನೆಂದೆ. ಅವನು ಕೆಳಗಿಳಿದು ನನ್ನ ರಟ್ಟೆ ಹಿಡಿದ. ನಮ್ಮ ಕಡೆ ಗುರುತಿನವರು ನಡೆದು ಹೋಗುವುದನ್ನು ಕಂಡೂ ಗಾಡಿ ನಿಲ್ಲಿಸದೆ ಹೋದರೆ ಅದು ಮೂರು ತಲೆಮಾರಿನ ಮನಸ್ತಾಪ. ಅವನ ಮರ್ಯಾದೆ ಉಳಿಸಲು ನಾನು ಹತ್ತಿದೆ. ಪಾದಗಟ್ಟಿಯಿಂದ ಹೊರಳಿದರೆ ಎದುರಿಗೆ ದಾಳಿಂಬೆ ತುಂಬಿದ ಟಂಟಂ. ಅದರ ಡ್ರೈವರನ ಮರ್ಯಾದೆಯನ್ನೂ ಉಳಿಸಿದೆ. ಅಂಗಡಿ ಮುಂದಿಳಿದು ಕೈ ನೋಡಿಕೊಂಡರೆ ಪಟ್ಟಿಯ ಮೇಲೆ ಎಂಟುನೂರ ಐದು!

ಎರಡನೆಯ ದಿನ ನಾಲ್ಕು ಬೈಕು, ಒಂದು ಟ್ರಾಕ್ಟರು. ಮೂರನೆಯ ದಿನ ನಾನು ಎದ್ದು ಬಾಗಿಲು ತೆಗೆದರೆ ಹೊರಗೆ ಮೆಕ್ಯಾನಿಕ್ ಶಿವಪುತ್ರ ಪಾನಾ ಹಿಡಿದು ನಿಂತಿದ್ದ. "ನಿಮ್ಮ ಗಾಡಿ ಚಾಲೂ ಆಗವಲ್ದಂತಲ್ರಿ? ಅಮೋಗಸಿದ್ದ ಹೇಳಿ ಕಳಿಸ್ಯಾನ." ಗಾಡಿ ಒಂದೇ ಒದೆತಕ್ಕೆ ಚಾಲೂ ಆಯಿತು. ಶಿವಪುತ್ರನಿಗೆ ಸಮಾಧಾನವಾಗಲಿಲ್ಲ. ಗಾಡಿ ನೆಟ್ಟಗಿದ್ದೂ ಮನುಷ್ಯ ನಡೆಯುತ್ತಾನೆಂದರೆ ಕೆಟ್ಟಿರುವುದು ಬೇರೆ ಏನೋ! ಅವನು ಸ್ವರ ತಗ್ಗಿಸಿ ಕೇಳಿದ: "ಮನ್ಯಾಗ ಏನರ ಜಗಳಾತೇನ್ರಿ?"

ಒಳಗಿನಿಂದ ಶಾಂತಾದೇವಿಯ ದನಿ ಬಂತು. "ಆಗಿಲ್ಲೋ ಶಿವಪುತ್ರಾ. ಇವತ್ತ ಆಗತೈತಿ!"

ನಾಲ್ಕನೆಯ ದಿನ ನನಗೆ ಜ್ಞಾನೋದಯವಾಯಿತು. ನನ್ನ ಮುಂದೆ ಸ್ವಲ್ಪ ದೂರದಲ್ಲಿ ಯಾರೋ ಹೆಣ್ಣುಮಗಳು ಗುಡ್ಡಾಪುರದ ಕಡೆ ಹೊರಟಿದ್ದಳು. ಹಣೆ ತುಂಬ ವಿಭೂತಿ, ಕೈಯಲ್ಲೊಂದು ತೆಂಗಿನಕಾಯಿ, ಕಾಲಲ್ಲಿ ಚಪ್ಪಲಿಯಿಲ್ಲ. ಹರಕೆ ಹೊತ್ತವಳು. ಅವಳನ್ನು ದಾಟುವಾಗ ಬೈಕುಗಳು ಹಾರ್ನ್ ಹೊಡೆಯದೆ ಮೆಲ್ಲಗೆ ಬದಿಗೆ ಸರಿದು ಹೋದವು. ಒಬ್ಬರೂ 'ಹತ್ರಿ' ಎನ್ನಲಿಲ್ಲ, ಒಬ್ಬರೂ 'ಎಲ್ಲಿಗ್ರಿ' ಎನ್ನಲಿಲ್ಲ! ಅವಳನ್ನು ದಾಟಿದ ಅದೇ ಬೈಕುಗಳು ನನ್ನ ಮುಂದೆ ಸಾಲಾಗಿ ನಿಂತವು.

ಐದನೆಯ ದಿನ ಚಪ್ಪಲಿಗಳನ್ನು ಅಂಗಡಿಯಲ್ಲಿ ಝೆರಾಕ್ಸ್ ಯಂತ್ರದ ಹಿಂದೆ ಬಚ್ಚಿಟ್ಟು, ಟೀ ಶರ್ಟಿನ ಮೇಲೊಂದು ಬಿಳಿ ಟವೆಲ್ಲು ಹೊದ್ದು, ಬರಿಗಾಲಲ್ಲಿ ಹೊರಟೆ. ಜಾಣತನಕ್ಕೆ ಮಿತಿ ಬೇಡವೇ? ನನಗೆ ಇರಲಿಲ್ಲ. ಅಮೋಗಸಿದ್ದ ಹಿಂದಿನಿಂದ ಬಂದ, ಕಾಲು ನೋಡಿದ, ಗಾಡಿ ಬಂದ್ ಮಾಡಿ ಕೈಮುಗಿದ. ಒಂದು ಮಾತೂ ಆಡದೆ ನಾನು ದೂರ ಹೋಗುವ ತನಕ ಹಾಗೇ ನಿಂತ. ಆ ದಿನ ಎಂಟು ಸಾವಿರದ ಇನ್ನೂರು ಹೆಜ್ಜೆ! ಅಂಗಾಲಿಗೆ ಏಳು ಮುಳ್ಳು. ನಾನು ಗೆದ್ದೆನೆಂದುಕೊಂಡೆ.

ಹರಕೆ ಹೊತ್ತವನಿಗೆ ಗಾಡಿ ಕೊಡುವುದಿಲ್ಲ, ಸರಿ. ಆದರೆ ಅವನನ್ನು ಖಾಲಿ ಹೊಟ್ಟೆಯಲ್ಲಿ ಬಿಡುವುದೂ ಇಲ್ಲ ಎಂಬುದನ್ನು ನನ್ನ ಜ್ಞಾನೋದಯ ಹೇಳಿರಲಿಲ್ಲ.

ಆರನೆಯ ದಿನ ಅಮೋಗಸಿದ್ದನ ತಾಯಿ ಯಲ್ಲವ್ವ ರಸ್ತೆಗೆ ಬಂದು ನಿಂತಿದ್ದಳು. ಎಪ್ಪತ್ತರ ಮುದುಕಿ, ದನಿ ಮಾತ್ರ ಕುರಿ ಹಿಂಡಿನಾಚೆಗೂ ಕೇಳುವಂಥದ್ದು. ನನ್ನ ಕಾಲಿಗೆ ಒಂದು ತಂಬಿಗೆ ನೀರು ಸುರುವಿ, ಕಟ್ಟೆಯ ಮೇಲೆ ಕೂರಿಸಿ, ತಾಟು ಮುಂದಿಟ್ಟಳು. ಎರಡು ಶೇಂಗಾ ಹೋಳಿಗೆ, ಮೇಲೆ ಬಟ್ಟಲು ತುಪ್ಪ.

"ಬ್ಯಾಡವಾ ಯಲ್ಲವ್ವಾ, ನಾ ನಡೀಲಾಕ ಬಂದೀನಿ."

"ನಡ್ಯಾವ್ರಿಗೇ ಇದು. ಪ್ರಸಾದ ಐತ್ರಿ. ಹರಕಿ ಹೊತ್ತಾವ್ರು ಒಲ್ಲೆ ಅನಬಾರ್ದು."

ನಾನು ಒಲ್ಲೆ ಎನ್ನಲಿಲ್ಲ. ಮುಂದಿನ ಮನೆಯಲ್ಲಿ ಬಾಳೆಹಣ್ಣಿನ ಶಿರಾ. ಅದರ ಮುಂದಿನ ಮನೆಯಲ್ಲಿ ಸಾಬೂದಾಣಿ ಖಿಚಡಿ, ಗಂಟಲಿಗಿಳಿಯದಷ್ಟು ಸಕ್ಕರೆ ಸುರುವಿದ ಚಹಾ. ಪಾದಗಟ್ಟಿಯ ತನಕ ಒಂಬತ್ತು ಮನೆ, ಒಂಬತ್ತೂ ಮನೆಯಲ್ಲಿ ದೈವಭಕ್ತಿ! ಪಟ್ಟಿ ನನ್ನ ಹೆಜ್ಜೆ ಎಣಿಸುತ್ತಿತ್ತು. ಹೋಳಿಗೆ ಎಣಿಸುವ ಪಟ್ಟಿ ಸಾಂಗಲಿಯವರ ಹತ್ತಿರ ಇನ್ನೂ ಬಂದಿಲ್ಲ.

ಎಂಟನೆಯ ದಿನ ಯಲ್ಲವ್ವ ಕೇಳಬಾರದ್ದನ್ನು ಕೇಳಿಯೇಬಿಟ್ಟಳು. "ಯಾರ ಸಲುವಾಗಿ ಹೊತ್ತೀರಿ ಹರಕಿ?"

ಬಾಯಲ್ಲಿ ಅರ್ಧ ಹೋಳಿಗೆ ಇತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಮನಿಯಾಕಿ ಸಲುವಾಗಿ" ಎಂದೆ. ಇದರಲ್ಲಿ ಸುಳ್ಳೇನಿದೆ ಹೇಳಿ?

"ಅಯ್ಯ! ಶಾಂತಕ್ಕಗ ಏನಾಗೇತ್ರಿ?"

"ಡಾಕ್ಟರ್ ಹೇಳ್ಯಾರ..." ಎಂದು ಶುರು ಮಾಡಿದೆ. ಶೇಂಗಾ ಪುಡಿ ಗಂಟಲಿಗೆ ಸಿಕ್ಕಿತು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ನೀರು ಕುಡಿದು ದೀರ್ಘವಾಗಿ ಉಸಿರು ಬಿಟ್ಟೆ.

ಯಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸಾಕ್ರಿ, ಹೇಳಬ್ಯಾಡ್ರಿ. ತಿಳೀತು."

ಅವಳಿಗೆ ಏನು ತಿಳಿಯಿತೆಂಬುದು ನನಗೆ ತಿಳಿದದ್ದು ಅದೇ ದಿನ ಹನ್ನೊಂದು ಗಂಟೆಗೆ. ಅಂಗಡಿಯಲ್ಲಿ ಯಾರದೋ ಆದಾಯದ ದಾಖಲೆಯ ಅರ್ಜಿ ತುಂಬುತ್ತಿದ್ದೆ. ಜತ್ತದ ಕಡೆಯಿಂದ ಒಂದು ಜೀಪು ಧೂಳೆಬ್ಬಿಸುತ್ತ ನಮ್ಮ ಮನೆಯತ್ತ ಹೋಯಿತು. ಒಳಗೆ ನನ್ನ ಹೆಂಡತಿಯ ಅಣ್ಣ ಸೋಮನಿಂಗಪ್ಪ, ಅವನ ಹೆಂಡತಿ, ಇನ್ನೂ ನಾಲ್ಕು ಜನ. ಎಲ್ಲರ ತೊಡೆಯ ಮೇಲೂ ದಾಳಿಂಬೆ ಚೀಲ, ಎಲ್ಲರ ಮುಖವೂ ಬಾಡಿತ್ತು. ನಾನು ಅರ್ಜಿ ಬಿಟ್ಟು ಓಡಿದೆ. ಅಂದಿನ ಹೆಜ್ಜೆಗಳಲ್ಲಿ ನಿಜವಾದ ವ್ಯಾಯಾಮವೆಂದರೆ ಅವೇ.

ಮನೆ ಮುಂದೆ ಶಾಂತಾದೇವಿ ಸೀರೆ ಮೇಲೆ ಸಿಕ್ಕಿಸಿಕೊಂಡು ಹುಣಸೆಹಣ್ಣು ಬಡಿಯುತ್ತಿದ್ದಳು. ಸೋಮನಿಂಗಪ್ಪ ಜೀಪಿನಿಂದ ಜಿಗಿದು ತಂಗಿಯನ್ನು ತಬ್ಬಿಕೊಂಡು ಹೋ ಎಂದು ಅತ್ತ.

"ಎಷ್ಟ ದಿವ್ಸ ಅಂದಾರವ್ವಾ ತಂಗೀ?"

"ಏನು ಎಷ್ಟ ದಿವ್ಸ?" ಅವಳ ಕೈಯಲ್ಲಿ ಬಡಿಗೆ ಹಾಗೇ ಇತ್ತು.

"ನಮಗೊಂದ ಮಾತ ಹೇಳಬಾರದಿತ್ತೇನವ್ವಾ? ಈಶ್ವರಪ್ಪ ಬರಿಗಾಲಿಲೆ ತಿರಗ್ಯಾಡಿ ದಾನಮ್ಮಗ ಸೆರಗೊಡ್ಡಿ ಅಳ್ಳಾಕತ್ತಾನಂತ ಪರರ ಬಾಯಿಂದ ಕೇಳ್ಬೇಕಾತಲ್ಲ!"

ನನಗೆ ಸೆರಗೇ ಇಲ್ಲವೆಂದು ಹೇಳಲು ಅದು ಸಮಯವಾಗಿರಲಿಲ್ಲ. ಶಾಂತಾದೇವಿ ಅಣ್ಣನ ಹೆಗಲ ಮೇಲಿನಿಂದ ನನ್ನನ್ನು ನೋಡಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ನೋಟವನ್ನು ನಾನು ಎರಡೇ ಸಲ ಕಂಡಿದ್ದೇನೆ. ಮೊದಲನೆಯ ಸಲ ಅವಳ ತವರಿನ ಎಮ್ಮೆಯನ್ನು ಅವಳನ್ನು ಕೇಳದೆ ಮಾರಿದ್ದೆ.

ಸಂಜೆಯ ತನಕ ಮಂದಿ ಬಂದೇ ಬಂದರು. ಮಾತಾಡಿಸಿ ಹೋಗಲು ಬಂದವರು ಚಹಾ ಕುಡಿಯದೆ ಹೋಗುತ್ತಾರೆಯೇ? ಸಾವಿನಂಚಿನಲ್ಲಿದ್ದಾಳೆಂಬ ನನ್ನ ಹೆಂಡತಿ ಅರವತ್ತೆರಡು ಕಪ್ಪು ಚಹಾ ಮಾಡಿದಳು. ಕುಡಿದವರೆಲ್ಲ, "ಪಾಪ, ಹಿಂತಾದ್ರಾಗೂ ಎಷ್ಟ ಗಟ್ಟಿ ಅದಾಳ ನೋಡ್ರಿ" ಎಂದು ನಿಟ್ಟುಸಿರು ಬಿಟ್ಟರು. ಮನೆಯಲ್ಲಿ ದಾಳಿಂಬೆಯ ರಾಶಿ ಮೊಣಕಾಲಿನ ತನಕ ಬಂತು.

ಕೊನೆಗೆ ಯಲ್ಲವ್ವ ಬಂದಳು. ಪಡಸಾಲೆಯ ನಡುವೆ ಕುಳಿತು, ಶಾಂತಾದೇವಿಯ ಕೆನ್ನೆ ಸವರಿ, ತೀರ್ಪು ಕೊಟ್ಟಳು. "ಗಂಡ ಒಬ್ಬನ ನಡದ್ರ ಅರ್ಧಾ ಹರಕಿ ಆಗತೈತ್ರಿ. ಹೆಂಡ್ತಿ ಸಲುವಾಗಿ ಹೊತ್ತಿದ್ದಂದ್ರ ಜೋಡಿಲೆ ನಡೀಬೇಕು. ಶಾಂತಕ್ಕಾ, ನಾಳಿಂದ ನೀವೂ ಪಾದಗಟ್ಟಿಗಿ ಬರ್ರಿ. ಕೈಲಾಗ್ಲಿಲ್ಲಂದ್ರ ನನ್ನ ಮಗಾ ಗಾಡಿ ತರ್ತಾನ, ಹಿಂದ ಹಿಂದ ಬರ್ತೈತಿ."

ಈಗ ಬಾಂಬು ಸಿಡಿಯುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಹರಕೆಯೂ ಇಲ್ಲ ಗಿರಕೆಯೂ ಇಲ್ಲ, ಇದೆಲ್ಲ ನನ್ನ ಗಂಡನ ಪುರಾಣ ಎಂದು ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು, ಮರುದಿನದಿಂದ ನಾನು ಊರಲ್ಲಿ ಮುಖ ತೋರಿಸುವಂತಿರಲಿಲ್ಲ.

"ನಡೀತೀನಿ" ಎಂದಳು ಶಾಂತಾದೇವಿ.

ಮಂದಿ ಹೋದ ಮೇಲೆ ಅರವತ್ತೆರಡು ಕಪ್ಪುಗಳನ್ನು ತೊಳೆಯಲು ನಾನೇ ಕುಳಿತೆ. ಇದೂ ಕುಳಿತು ಮಾಡುವ ಕೆಲಸವೇ, ಆದರೂ ಯಾರೂ ಹೊಗಳಲಿಲ್ಲ. ಏಳನೆಯ ಕಪ್ಪಿಗೆ ನನ್ನ ಮನಸ್ಸು ತಡೆಯಲಿಲ್ಲ.

"ಶಾಂತಾ, ನೀ ಬರಬ್ಯಾಡ. ಅದು ಖೊಟ್ಟಿ ಹರಕಿ. ಗಾಡ್ಯಾವ್ರು ಹತ್ರಿ ಹತ್ರಿ ಅಂತ ಕಾಡ್ತಾರಂತ ಚಪ್ಪಲ್ ಬಿಟ್ಟೆ. ಸಕ್ಕರಿ ಇದ್ದಾಕಿ ನೀ, ಬರಿಗಾಲಿಲೆ ನಡದು ಮುಳ್ಳ ಚುಚ್ಚಿ ಗಾಯ ಆದ್ರ? ನಿಮ್ಮವ್ವಗ ಹಂಗ ಸುರು ಆಗಿದ್ದು. ನನಗ ಅಂಜಿಕಿ ಬರ್ತೈತಿ."

ಅವಳು ದಾಳಿಂಬೆಗಳನ್ನು ಬುಟ್ಟಿಗೆ ತುಂಬುತ್ತಿದ್ದವಳು ನನ್ನ ಕಡೆ ತಿರುಗಲೂ ಇಲ್ಲ. "ನಿಮ್ಮ ಚಪ್ಪಲ್ ಮಶೀನ್ ಹಿಂದ ಅದಾವ. ಮೂರ್ ದಿವ್ಸದ ಹಿಂದ ಡಬ್ಬಿ ಕೊಡ್ಲಾಕ ಬಂದಾಗ ನೋಡೀನಿ."

"ಗೊತ್ತಿದ್ದೂ ಹ್ಞೂಂ ಅಂದಿ?"

"ಅಂಜಿಕಿ ನಿಮಗೊಬ್ಬರಿಗೆ ಐತೇನ್ರಿ?" ಈಗ ತಿರುಗಿದಳು. ಕಣ್ಣು ಕೆಂಪಾಗಿದ್ದವು. "ನಮ್ಮವ್ವನ ಕಾಲ ನಾನೂ ನೋಡೀನಿ. ನಡೀಬಾರ್ದಂತ ನಾ ಎಂದ ಅಂದೀನಿ? ಎಲ್ಲಿಗಿ ಅಂತ ಕೇಳಿದ್ರ ಹೇಳ್ಲಾಕ ಒಂದ ಊರರ ಬೇಕಿತ್ತು. ಈಗ ಪಾದಗಟ್ಟಿಗಿ ಅಂತೀನಿ. ಯಾರೂ ಕೇಳಂಗಿಲ್ಲ. ನಿಮ್ಮದು ಖೊಟ್ಟಿ ಇದ್ರ ಇರ್ಲಿ, ನಾ ನಡ್ಯೂದು ಖರೆ."

ಎಂಟನೆಯ ಕಪ್ಪು ನನ್ನ ಕೈಯಿಂದ ಜಾರಿ ಒಡೆಯಿತು. ಅದಕ್ಕೆ ಬೇರೆ ಬೈಸಿಕೊಂಡೆ.

ಬರಿಗಾಲಿನ ಸಮಸ್ಯೆಗೆ ಮರುದಿನ ಬೆಳಿಗ್ಗೆ ಯಲ್ಲವ್ವನೇ ಉಪಾಯ ಹುಡುಕಿದಳು. ಚಪ್ಪಲಿ ನಡೆಯದು, ಚರ್ಮದ್ದು. ಬೂಟು ನಡೆಯದು, ಅದೂ ಚಪ್ಪಲಿಯ ಜಾತಿಯೇ. ಆದರೆ ಕಂಬಳಿ? ಕಂಬಳಿಗೆ ಮೈಲಿಗೆಯಿಲ್ಲ. ಮಡಿಯಲ್ಲಿ ಕೂರುವವರೂ ಅದನ್ನೇ ಹಾಸುತ್ತಾರೆ. ತನ್ನ ಹಳೇ ಕಂಬಳಿ ಹರಿದು, ನಾಲ್ಕು ಪದರ ಮಡಚಿ, ದಬ್ಬಣದಿಂದ ಹೊಲಿದು, ಶಾಂತಾದೇವಿಯ ಪಾದಕ್ಕೆ ಸರಿಯಾಗಿ ಒಂದು ಜೋಡು ಮಾಡಿಕೊಟ್ಟಳು. ಮುಳ್ಳೂ ತಾಗದು, ದೇವಿಯೂ ಸಿಟ್ಟಾಗಳು.

"ನನಗೂ ಒಂದ್ ಜೋಡ್ ಹೊಲದು ಕೊಡವಾ" ಎಂದೆ.

"ಇದು ಜಡ್ಡಿನಾವ್ರಿಗಿ. ಹರಕಿ ಹೊತ್ತಾವ್ರಿಗಿ ಬರಿಗಾಲ" ಎಂದು ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು. ತಾಯಿಗಿದ್ದ ಸಕ್ಕರೆ ನೆನೆದು, ಶಾಂತಾದೇವಿಗೆ ಸಿಹಿ ಕೊಡಬಾರದೆಂದು ಸೋಮನಿಂಗಪ್ಪ ಎಲ್ಲರಿಗೂ ಹೇಳಿಹೋಗಿದ್ದ. ಹೀಗಾಗಿ ಒಂಬತ್ತೂ ಮನೆಗಳಲ್ಲಿ ಅವಳ ಪಾಲನ್ನೂ ನಾನೇ ತಿನ್ನಬೇಕಾಯಿತು. ಹೆಂಡತಿಗಾಗಿ ಏನೆಲ್ಲ ಮಾಡಿದೆ ನೋಡಿ!

ಶಾಂತಾದೇವಿ ಮೊದಲ ದಿನ ನಾಲ್ಕು ಕಡೆ ಕುಳಿತಳು. ವಾರ ಕಳೆಯುವುದರೊಳಗೆ ನನ್ನನ್ನು ದಾಟಿ ಮುಂದೆ ಹೋದಳು. ಸಾಯುವವಳೊಬ್ಬಳೇ ನಡೆಯಬಾರದೆಂದು ಯಲ್ಲವ್ವ ಜೊತೆಯಾದಳು. ಯಲ್ಲವ್ವನ ಜೊತೆ ಅವಳ ಸೊಸೆ ಮಂಗಲ. ಮಂಗಲಳ ಹಿಂದೆ ಅವಳ ಓಣಿ. ಎರಡನೆಯ ವಾರಕ್ಕೆ ಹದಿನೆಂಟು, ನಾಲ್ಕನೆಯ ವಾರಕ್ಕೆ ನಲವತ್ತಮೂರು ಹೆಣ್ಣುಮಕ್ಕಳು! ಯಾರದೋ ಸೊಂಟ, ಯಾರದೋ ಮೊಣಕಾಲು, ಯಾರದೋ ಸೊಸೆಯ ಮೇಲಿನ ಸಿಟ್ಟು, ಎಲ್ಲವೂ ಪಾದಗಟ್ಟಿಗೆ ಹೊರಟಿತು. ಅರ್ಧ ದಾರಿ ಕನ್ನಡದಲ್ಲಿ ಹಾಡು, ಅರ್ಧ ದಾರಿ ಮರಾಠಿಯಲ್ಲಿ ಅಭಂಗ. ಎಲ್ಲರಿಗಿಂತ ಹಿಂದೆ ಟವೆಲ್ಲು ಹೊದ್ದ ಸಮನ್ವಯಕ, ಏದುಸಿರು ಬಿಡುತ್ತ.

ನಾನು ಸಾಂಗಲಿಗೆ ಫೋನು ಮಾಡಿ ಮೇಡಂಗೆ ಅಂಕಿ ಕೊಟ್ಟೆ. "ನಲವತ್ತಮೂರು! ಕಮಾಲ್ ಆಹೇ! ಹೇಗೆ ಮಾಡಿದಿರಿ ಈಶ್ವರರಾವ್?" ಎಂದು ಕೇಳಿದರು. "ಸಂವಹನ ಕೌಶಲ್ಯ ಮೇಡಂ" ಎಂದೆ ಗಂಭೀರವಾಗಿ.

ನಲವತ್ತನೆಯ ದಿನ ಮೇಡಂ ಒಬ್ಬ ನರ್ಸು, ತೂಕದ ಯಂತ್ರ, ಸಕ್ಕರೆ ನೋಡುವ ಯಂತ್ರ ಎಲ್ಲ ಹಿಡಿದುಕೊಂಡು ನೇರ ಪಾದಗಟ್ಟಿಗೇ ಬಂದರು. ನಲವತ್ತಮೂರು ಜನ ನೆರಳಿಗೆ ಕುಳಿತಿದ್ದರು. ಮೇಡಂ ನೋಟ್ ಪುಸ್ತಕ ತೆಗೆದು, "ಯಾವ ಸಂದೇಶ ಇವರಿಗೆ ಮುಟ್ಟಿತು, ಕೇಳಿ ಹೇಳಿ" ಎಂದರು.

ನಾನು ಯಲ್ಲವ್ವನನ್ನು ಕೇಳಿದೆ. ಅವಳು ಕನ್ನಡದಲ್ಲಿ ಬಹಳ ಹೊತ್ತು ಹೇಳಿದಳು. ಶಾಂತಕ್ಕನ ಜೀವ, ಈಶ್ವರಣ್ಣನ ಕಣ್ಣೀರು, ಜೋಡಿ ಹರಕೆ, ಕಂಬಳಿ. ನಾನು ಮೇಡಂ ಕಡೆ ತಿರುಗಿ ಮರಾಠಿಯಲ್ಲಿ ಅನುವಾದಿಸಿದೆ: "ನಿಮ್ಮ ಪೋಸ್ಟರು ಓದಿ ಮನಸ್ಸು ಬದಲಾಯಿತು ಅನ್ನುತ್ತಾರೆ."

ಯಲ್ಲವ್ವ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಸ್ವಚ್ಛ ಮರಾಠಿಯಲ್ಲಿ, "ನಾನು ಹಾಗೆ ಹೇಳಲಿಲ್ಲ ಬಾಯೀ" ಎಂದು ಮೊದಲಿನಿಂದ ಶುರು ಮಾಡಿದಳು! ಐವತ್ತು ವರ್ಷ ಜತ್ತದ ಬಜಾರದಲ್ಲಿ ಮರಾಠಿ ವ್ಯಾಪಾರಿಗಳ ಜೊತೆ ಕುರಿಗೆ ಚೌಕಾಶಿ ಮಾಡಿದವಳು. ನಮ್ಮ ಸೀಮೆಯಲ್ಲಿ ಎರಡೂ ಭಾಷೆ ಎಲ್ಲರಿಗೂ ಬರುತ್ತವೆ. ಅರ್ಜಿ ತುಂಬುವವನ ಪೊಗರಿನಲ್ಲಿ ನಾನದನ್ನು ಮರೆತಿದ್ದೆ.

ಮೇಡಂ ಕೇಳುತ್ತ ಕೇಳುತ್ತ ಬರೆಯುವುದನ್ನು ನಿಲ್ಲಿಸಿದರು. ನನ್ನ ಕಡೆ ನೋಡಿದರು, ಶಾಂತಾದೇವಿಯ ಕಂಬಳಿ ಜೋಡು ನೋಡಿದರು. ಬೈಯುತ್ತಾರೆಂದು ಕಾದೆ. ಅವರು ತಮ್ಮ ಬೂಟು ಬಿಚ್ಚಿ ಬದಿಗಿಟ್ಟು, ಪಾದಗಟ್ಟಿಗೆ ಕೈಮುಗಿದು, "ನಾವು ನಡೆಯಿರಿ ಅಂತ ಹೇಳಿದೆವು. ಎಲ್ಲಿಗೆ ಅಂತ ಹೇಳಲೇ ಇಲ್ಲ" ಎಂದರು.

ಪರೀಕ್ಷೆ ಶುರುವಾಯಿತು. ಶಾಂತಾದೇವಿ ಬೆರಳು ಚಾಚಿದಳು. ಯಂತ್ರ ಐದು ಸೆಕೆಂಡು ಲೆಕ್ಕ ಹಾಕಿತು. ಅವಳ ತಾಯಿಯ ಕಾಲು ಕಣ್ಣಮುಂದೆ ಬಂತು. ಮೊದಲ ಸಲ ನಾನು ಖರೆಖರೆ ಹರಕೆ ಹೊತ್ತೆ, ಮನಸ್ಸಿನಲ್ಲೇ.

"ಖಾಲಿ ಹೊಟ್ಟೆಗೆ ನೂರಾ ಇಪ್ಪತ್ತೆಂಟು" ಎಂದಳು ನರ್ಸು.

ಹೆಣ್ಣುಮಕ್ಕಳೆಲ್ಲ ಹೋ ಎಂದರು. ಶಾಂತಕ್ಕ ಬದುಕಿದಳೆಂದು ಯಲ್ಲವ್ವ ಅರಿಶಿನದ ಭಂಡಾರ ಹಾರಿಸಿದಳು. ನಾನು ಟವೆಲ್ಲಿನಿಂದ ಕಣ್ಣೊರೆಸಿಕೊಂಡೆ. ಈ ಸಲ ಶೇಂಗಾ ಪುಡಿ ಕಾರಣವಾಗಿರಲಿಲ್ಲ. ಗೆದ್ದ ಸೇನಾಪತಿಯ ಹಾಗೆ ಎದೆಯುಬ್ಬಿಸಿ ನಿಂತೆ. ಟೀ ಶರ್ಟಿನ ಹೊಲಿಗೆ ಬಗಲಲ್ಲಿ ಚರ್ರೆಂದಿತು.

"ಸಮನ್ವಯಕರೂ ನೋಡಿಸಿಕೊಳ್ಳಲಿ" ಎಂದರು ಮೇಡಂ.

ತೂಕ ಐದೂವರೆ ಕಿಲೋ ಹೆಚ್ಚು. ಆಮೇಲೆ ಬೆರಳು. ನರ್ಸು ಯಂತ್ರ ನೋಡಿದಳು, ನನ್ನನ್ನು ನೋಡಿದಳು, ಇನ್ನೊಂದು ಬೆರಳು ಚುಚ್ಚಿದಳು. "ಏನಾದರೂ ತಿಂದಿದ್ದೀರಾ?"

"ಎರಡ... ಐದಾರ ಹೋಳಿಗಿ."

"ಮುನ್ನೂರ ಹನ್ನೊಂದು!"

ಇದು ನಲವತ್ತು ದಿನದ್ದಲ್ಲ, ಒಳಗೇ ಇದ್ದಿರಬೇಕು, ಹೋಳಿಗೆ ಹೊರಗೆ ತಂದಿದೆ ಎಂದು ಮೇಡಂ ವಿವರಿಸಿದರು. ನಾಳೆಯೇ ಡಾಕ್ಟರಿಗೆ ತೋರಿಸಬೇಕೆಂದರು. ನನ್ನ ಮುಳ್ಳು ಚುಚ್ಚಿದ ಪಾದಗಳನ್ನು ನೋಡಿ ಬೆಚ್ಚಿಬಿದ್ದು, ಸಕ್ಕರೆ ಇದ್ದವರು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಕೂಡದೆಂದರು. ನನ್ನ ಕಿವಿಗೆ ಏನೂ ಇಳಿಯುತ್ತಿರಲಿಲ್ಲ. ನಾನು ಕಟ್ಟೆಯ ಬದಿಗೆ ಕುಸಿದು ಕುಳಿತೆ.

ಶಾಂತಾದೇವಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ತನ್ನ ಕಾಲಿನ ಕಂಬಳಿ ಜೋಡು ಬಿಚ್ಚಿ, ನನ್ನ ಪಾದದ ಧೂಳು ಸೆರಗಿನಿಂದ ಒರೆಸಿ, ನನಗೆ ಹಾಕಿ ದಾರ ಕಟ್ಟಿದಳು. ಅರ್ಧ ಪಾದವೇ ಹಿಡಿಸಿತು.

"ನೀ ಹೆಂಗ ಹೋಗ್ತಿ ಮನಿಗಿ?" ಎಂದೆ.

"ಮಶೀನ್ ಹಿಂದಿನ ನಿಮ್ಮ ಚಪ್ಪಲ್ ಚೀಲದಾಗ ಹಾಕ್ಕೊಂಡ ಬಂದೀನಿ. ಇವತ್ತ ಹರಕಿ ಮುಗೀತಲ್ಲ, ನಿಮಗ ಬೇಕಾಗ್ತಾವಂತ. ಈಗ ನನಗ ಆದುವು" ಎಂದು ಅವನ್ನೇ ಮೆಟ್ಟಿಕೊಂಡು ಎದ್ದು ನಿಂತಳು. ನಲವತ್ತಮೂರು ಜನರ ಕಡೆ ತಿರುಗಿ ಪಾದಗಟ್ಟಿಗೆ ಕೈಮುಗಿದು ಗಟ್ಟಿಯಾಗಿ ಹೇಳಿದಳು: "ಕೇಳ್ರೆವ್ವಾ! ನಾಳಿಂದ ನಾ ಹರಕಿ ಹೊತ್ತೀನಿ. ಮನಿಯಾವ್ರ ಸಲುವಾಗಿ. ಜೋಡಿಲೆ ನಡೀತೀವಿ. ಅವ್ರಿಗಿ ಏನ್ ಪ್ರಸಾದ ಕೊಡ್ಬೇಕನ್ನೂದು ಯಲ್ಲವ್ವ ಹೇಳ್ತಾಳ."

ಮರುದಿನ ಬೆಳಿಗ್ಗೆ ಡಾಕ್ಟರಿಗೆ ಹೋಗುವ ಮೊದಲೇ ನನ್ನನ್ನು ಎಬ್ಬಿಸಿ ಹೊರಡಿಸಿದಳು. ಯಲ್ಲವ್ವನ ಮನೆ ಬರುತ್ತಿದ್ದಂತೆ ಅಭ್ಯಾಸಬಲದಿಂದ ನನ್ನ ಕಾಲು ಕಟ್ಟೆಯ ಕಡೆ ಹೊರಳಿತು. ಮುದುಕಿ ಕಾಲಿಗೆ ನೀರು ಸುರುವಿದಳು, ಕೂರಿಸಿದಳು, ಸ್ಟೀಲಿನ ದೊಡ್ಡ ಗ್ಲಾಸು ಕೈಗಿಟ್ಟಳು. ತುಂಬ ಹಸಿರು ರಸ. ಮೂಗಿನ ಹತ್ತಿರ ತಂದೆ. ಹಾಗಲಕಾಯಿ!

"ಒಲ್ಲೆವಾ ಯಲ್ಲವ್ವಾ..."

ಶಾಂತಾದೇವಿ ರಸ್ತೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಹಿಂದೆ ಪಾದಗಟ್ಟಿಯ ತನಕ ಉಳಿದ ಎಂಟು ಮನೆಗಳ ಬಾಗಿಲಲ್ಲೂ ಒಬ್ಬೊಬ್ಬರು ಗ್ಲಾಸು ಹಿಡಿದು ಕಾಯುತ್ತಿದ್ದರು.

"ಪ್ರಸಾದ ಐತ್ರಿ," ಎಂದಳು ಯಲ್ಲವ್ವ, "ಒಲ್ಲೆ ಅನಬಾರ್ದು."